ಇಂಜಿನ್ ಬದಲಿಸುವ ಮುನ್ನ ಬ್ಲಾಕ್ ನೋಡಿಸಿ: ಸಣ್ಣ ಗೂಡ್ಸ್ ಗಾಡಿಗೆ ಕಡಿಮೆ ಖರ್ಚಿನ ಬಿಡಿಭಾಗಗಳ ಆಯ್ಕೆ

ಮಂಡಿಕಲ್ ಹೋಬಳಿಯ ಹೂವು, ತರಕಾರಿ, ದ್ರಾಕ್ಷಿ ಮಾರುಕಟ್ಟೆ ಸೇರುವುದು ಹೆಚ್ಚಾಗಿ ಟಾಟಾ ಏಸ್, ಬೊಲೆರೊ ಪಿಕಪ್, ದೋಸ್ತ್‌ನಂಥ ಸಣ್ಣ ಗಾಡಿಗಳಲ್ಲೇ. ಕಿರಾಣಿ ಅಂಗಡಿಗೆ ಸರಕು ಬರುವುದು, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹೋಗುವುದು, ಚಿಂತಾಮಣಿಗೆ ಟೊಮೆಟೊ ಕ್ರೇಟ್ ಹೋಗುವುದು ಕೂಡ ಇವುಗಳಲ್ಲೇ. ಇಂಥ ಗಾಡಿ ಪೇರೇಸಂದ್ರ ದಾಟಿ ಹೆದ್ದಾರಿಯಲ್ಲಿ ಬಿಸಿಯಾಗಿ ನಿಂತರೆ ಅವತ್ತಿನ ಮಾಲಂತೂ ಹೋಯಿತು. ಗ್ಯಾರೇಜಿಗೆ ಎಳೆದು ತಂದ ಮೇಲೆ ಬರುವ ಮೊದಲ ಮಾತು, "ಇಂಜಿನ್ ಹೋಗಿದೆ, ಬೇರೇದು ಕೂರಿಸಿಬಿಡಿ."

ಆ ಮಾತು ಕೇಳಿದ ತಕ್ಷಣ ಬೆಂಗಳೂರಿನ ಗುಜರಿಗೆ ಫೋನ್ ಹಚ್ಚುವವರೇ ಜಾಸ್ತಿ. ಆದರೆ ಖರ್ಚು ನಿಲ್ಲುವುದು ಅಥವಾ ಕೈಮೀರುವುದು ಬೇರೆ ಒಂದು ಪ್ರಶ್ನೆಯ ಮೇಲೆ. ಗಾಡಿಯ ಹಳೇ ಬ್ಲಾಕ್ ಉಳಿದಿದೆಯೇ, ಇಲ್ಲವೇ?

ಕಾರಣ ಸರಳ. ಇಂಜಿನ್ ನಂಬರ್ ಹೊಡೆದಿರುವುದು ಬ್ಲಾಕ್ ಮೇಲೆ. ಆರ್‌ಸಿಯಲ್ಲಿ, ಇನ್ಶೂರೆನ್ಸ್‌ನಲ್ಲಿ ಇರುವುದೂ ಅದೇ ನಂಬರ್. ಬ್ಲಾಕ್ ಉಳಿಸಿಕೊಂಡು ಒಳಗಿನ ಪಿಸ್ಟನ್, ಕ್ರ್ಯಾಂಕ್, ಮೇಲಿನ ಹೆಡ್ ಏನನ್ನೇ ಬದಲಿಸಿದರೂ ಅದು ರಿಪೇರಿ, ಆರ್‌ಟಿಒ ಕಡೆ ತಲೆ ಹಾಕಬೇಕಿಲ್ಲ. ಬ್ಲಾಕ್ ಬದಲಾದರೆ ನಂಬರ್ ಬದಲಾಗುತ್ತದೆ, ಕಾಗದಪತ್ರವೆಲ್ಲ ಬದಲಾಗಬೇಕು. ಅದಕ್ಕೆ ತಗಲುವ ದಿನ ಮತ್ತು ಓಡಾಟವೂ ಖರ್ಚೇ.

ನಿಜಕ್ಕೂ ಹೋಗಿರುವುದು ಏನು?

"ಇಂಜಿನ್ ಹೋಗಿದೆ" ಎಂಬುದು ಹತ್ತು ಕಾಯಿಲೆಗೆ ಒಂದೇ ಹೆಸರು. ಡಿಪ್ ಸ್ಟಿಕ್ ಎಳೆದಾಗ ಆಯಿಲ್ ಹಾಲಿನ ಚಹಾದಂತೆ ಕಂಡರೆ ನೀರು ಸೇರಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು, ಹೆಡ್ ಬಾಗಿರಬಹುದು ಅಥವಾ ಬಿರುಕು ಬಿಟ್ಟಿರಬಹುದು. ನೀಲಿ ಹೊಗೆ ಬಂದು ಆಯಿಲ್ ಇಳಿಯುತ್ತಿದ್ದರೆ ರಿಂಗ್, ಬೋರ್ ಸವೆದಿದೆ ಅಥವಾ ಟರ್ಬೊ ಆಯಿಲ್ ಬಿಡುತ್ತಿದೆ. ಕೆಳಗಿನಿಂದ ಟಕ್ ಟಕ್ ಎಂದು ಬಡಿತ ಬಂದರೆ ಬೇರಿಂಗ್. ಕಪ್ಪು ಹೊಗೆ ಮಾತ್ರ ಇದ್ದರೆ ಬಹಳ ಸಲ ನಾಝಲ್, ಏರ್ ಫಿಲ್ಟರ್ ಕಡೆಯ ತೊಂದರೆ, ಇಂಜಿನ್ ಇಳಿಸುವ ಅಗತ್ಯವೇ ಬೀಳುವುದಿಲ್ಲ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದು ಹೊರಗೆ ಬಂದಿದ್ದರೆ ಅಥವಾ ಬ್ಲಾಕ್‌ನ ನೀರಿನ ದಾರಿ ಬಿರುಕು ಬಿಟ್ಟಿದ್ದರೆ ಮಾತ್ರ ಬೇರೆ ಇಂಜಿನ್ ಮಾತು ಗಟ್ಟಿ.

ಆದ್ದರಿಂದ ಹೆಡ್ ಬಿಚ್ಚಿ, ಆಯಿಲ್ ಚೇಂಬರ್ ಇಳಿಸಿ ನೋಡುವ ಮುನ್ನ ಯಾವ ಭಾಗಕ್ಕೂ ಅಡ್ವಾನ್ಸ್ ಕೊಡಬಾರದು. ಬಿಚ್ಚಿ ನೋಡುವ ಕೂಲಿ ಪ್ರತ್ಯೇಕವಾಗಿ ಮಾತಾಡಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಬಿಚ್ಚಿದ ಗಾಡಿಯನ್ನು ಅಲ್ಲಿಂದ ಎತ್ತಲಾಗದೆ ಹೇಳಿದ ದರಕ್ಕೆ ಒಪ್ಪಬೇಕಾಗುತ್ತದೆ.

ನಮ್ಮ ಭಾಗದಲ್ಲಿ ಇಂಜಿನ್ ಬಿಸಿಯಾಗಿ ಕೆಡುವುದಕ್ಕೆ ಒಂದು ಸ್ಥಳೀಯ ಕಾರಣವೂ ಇದೆ. ರೇಡಿಯೇಟರಿಗೆ ಹಾಕುವ ನೀರು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ನೀರು ಗಡಸು. ಮನೆಯ ಸ್ಟೀಲ್ ಪಾತ್ರೆಯಲ್ಲಿ ಕೂರುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಬ್ಲಾಕ್‌ನ ನೀರಿನ ದಾರಿಯಲ್ಲೂ ಕೂರುತ್ತದೆ. ನೀರು ಓಡುತ್ತದೆ, ಶಾಖ ಮಾತ್ರ ಹೊರಗೆ ಹೋಗುವುದಿಲ್ಲ. ಅದರ ಮೇಲೆ ಮುಕ್ಕಾಲು ಟನ್ ಆಸುಪಾಸಿನ ಏಸ್‌ಗೆ ಒಂದೂವರೆ ಟನ್ ಹೇರಿದರೆ ಏಪ್ರಿಲ್ ಬಿಸಿಲಲ್ಲಿ ಹೆಡ್ ಬಾಗದೆ ಇನ್ನೇನು. ಇಂಥ ಗಾಡಿಗೆ ಎಷ್ಟೇ ಒಳ್ಳೆಯ ಇಂಜಿನ್ ತಂದು ಕೂರಿಸಿದರೂ ಹಳೇ ರೇಡಿಯೇಟರ್ ಹಾಗೇ ಬಿಟ್ಟರೆ ಅದೂ ಅದೇ ದಾರಿ ಹಿಡಿಯುತ್ತದೆ. ಹಳೇ ಇಂಜಿನ್ ಯಾಕೆ ಕೆಟ್ಟಿತು ಎಂಬುದು ಗೊತ್ತಾಗದೆ ಹೊಸದಕ್ಕೆ ದುಡ್ಡು ಹಾಕುವುದು ಶುದ್ಧ ನಷ್ಟ.

ಬ್ಲಾಕ್ ಉಳಿದಿದ್ದರೆ

ಆಗ ಲೆಕ್ಕ ಲೇತ್ ಶಾಪ್‌ನಲ್ಲಿ ಶುರುವಾಗುತ್ತದೆ. ಬೋರ್ ಎಷ್ಟು ಸವೆದಿದೆ, ಕ್ರ್ಯಾಂಕ್ ಎಷ್ಟು ಸವೆದಿದೆ ಎಂದು ಅಳತೆ ತೆಗೆಸಿ ಚೀಟಿ ಬರೆಸಿಕೊಳ್ಳಬೇಕು. ಓವರ್‌ಸೈಜ್ ಪಿಸ್ಟನ್ ಸಾಮಾನ್ಯವಾಗಿ 0.25, 0.50 ಎಂಎಂ ಹೀಗೆ ಹೆಚ್ಚುತ್ತಾ ಬರುತ್ತದೆ. ಕ್ರ್ಯಾಂಕ್ ಬೇರಿಂಗ್‌ಗಳು ಅದೇ ರೀತಿ ಅಂಡರ್‌ಸೈಜ್‌ನಲ್ಲಿ ಸಿಗುತ್ತವೆ. ಯಾವ ಸೈಜ್ ಬೇಕು ಎಂದು ಗೊತ್ತಾದ ಮೇಲೆ ಅಂಗಡಿಯಲ್ಲಿ ಆ ಸೈಜ್ ಇದೆಯೇ ಎಂದು ಖಚಿತ ಮಾಡಿಕೊಂಡು, ಪಿಸ್ಟನ್ ಸೆಟ್ ತಂದು ಲೇತ್‌ನವರ ಕೈಗೆ ಕೊಟ್ಟು, ಆ ಪಿಸ್ಟನ್ ಅಳೆದೇ ಬೋರ್ ಮಾಡಿಸಬೇಕು. ಮೊದಲು ಬೋರ್ ಹೊಡೆಸಿ ಆಮೇಲೆ ಪಿಸ್ಟನ್ ಹುಡುಕಿದರೆ ಗ್ಯಾಪ್ ಹೆಚ್ಚುಕಮ್ಮಿ ಆಗಿ ಕೆಲಸ ಕೆಡುತ್ತದೆ. ಆಗ ಗ್ಯಾರೇಜ್‌ನವರು ಲೇತ್‌ನವರನ್ನು, ಲೇತ್‌ನವರು ಅಂಗಡಿಯವರನ್ನು ತೋರಿಸುತ್ತಾರೆ.

ಬೋರ್ ಕೊನೆಯ ಸೈಜ್ ದಾಟಿದ್ದರೂ ಕೆಲವು ಬ್ಲಾಕ್‌ಗಳಿಗೆ ಲೈನರ್ ಕೂರಿಸಿ ಮತ್ತೆ ಸ್ಟ್ಯಾಂಡರ್ಡ್ ಸೈಜ್‌ಗೆ ತರಬಹುದು. ಹೆಡ್ ವಿಷಯದಲ್ಲಿ ಸ್ಕೇಲ್ ಇಟ್ಟು ಬಾಗು ನೋಡುವುದರ ಜೊತೆಗೆ ಪ್ರೆಷರ್ ಟೆಸ್ಟ್ ಮಾಡಿಸುವುದು ಮುಖ್ಯ. ಬಿರುಕು ಬಿಟ್ಟ ಹೆಡ್‌ಗೆ ವೆಲ್ಡಿಂಗ್ ಮಾಡಿಸಿ ಓಡಿಸುತ್ತೇವೆ ಎನ್ನುವವರಿದ್ದಾರೆ. ಸರಕು ಹೊರುವ ಡೀಸೆಲ್ ಗಾಡಿಯಲ್ಲಿ ಅದನ್ನು ನಂಬುವುದು ಕಷ್ಟ. ಬೇರೆ ಹೆಡ್ ಹಾಕಿಸುವುದೇ ಮೇಲು, ಹೆಡ್ ಬದಲಾದರೆ ನಂಬರಿನ ತಕರಾರೂ ಇಲ್ಲ.

ಬ್ಲಾಕ್ ಹೋಗಿದ್ದರೆ: ಅದೇ ಇಂಜಿನ್, ಅದೇ ತಲೆಮಾರು

ಪೆಟ್ರೋಲ್ ಜೀಪಿಗೆ, ಅಂಬಾಸಡರಿಗೆ ಸಿಕ್ಕ ಡೀಸೆಲ್ ಇಂಜಿನ್ ಕೂರಿಸಿ ಓಡಿಸುತ್ತಿದ್ದ ಕಾಲವೊಂದಿತ್ತು. ಹಳೇ ಮೆಕ್ಯಾನಿಕ್‌ಗಳು ಈಗಲೂ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ. ಆ ಕಾಲ ಮುಗಿದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ನಿಗದಿ ಮಾಡಿದ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂನಲ್ಲಿ, ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕರಿಗೆ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು.

ಕಾನೂನು ಬದಿಗಿಟ್ಟರೂ ಬೇರೆ ಇಂಜಿನ್ ಅಗ್ಗ ಬೀಳುವುದಿಲ್ಲ. ಮೌಂಟಿಂಗ್ ಕಡಿಯಬೇಕು, ಬೆಲ್ ಹೌಸಿಂಗ್ ಹೊಂದುವುದಿಲ್ಲ, ಗೇರ್ ಬಾಕ್ಸ್ ಒಪ್ಪುವುದಿಲ್ಲ, ಸೈಲೆನ್ಸರ್ ಪೈಪ್ ಹೊಸದಾಗಿ ಬಗ್ಗಿಸಬೇಕು. ಒಂದೊಂದೂ ಸಾವಿರಗಳ ಲೆಕ್ಕದಲ್ಲಿ ಸೇರುತ್ತಾ ಹೋಗುತ್ತದೆ.

ಅದೇ ಕಂಪನಿ, ಅದೇ ಮಾಡೆಲ್ ಎಂದ ಮಾತ್ರಕ್ಕೂ ಹೊಂದುತ್ತದೆ ಎಂದಲ್ಲ. ಜನ ಮೋಸ ಹೋಗುವುದು ಇಲ್ಲೇ ಹೆಚ್ಚು. 2005ರಲ್ಲಿ ಬಂದ ಟಾಟಾ ಏಸ್‌ನದು 702 ಸಿಸಿ, ಎರಡು ಸಿಲಿಂಡರ್ ಡೀಸೆಲ್ ಇಂಜಿನ್. ಏಸ್ ಗೋಲ್ಡ್ ಪೆಟ್ರೋಲ್‌ನದು 694 ಸಿಸಿ, ಅದು ಬೇರೆಯೇ ಇಂಜಿನ್. ಬೊಲೆರೊ ಪಿಕಪ್‌ನಲ್ಲಿ ಹಳೇ ಡಿಐ ಇಂಜಿನ್ನೂ ನಂತರದ ಕಾಮನ್ ರೇಲ್ ಇಂಜಿನ್ನೂ ಎರಡೂ 2523 ಸಿಸಿ. ಸಿಸಿ ಒಂದೇ ಅಂತ ತಂದರೆ ಒಂದಕ್ಕೆ ಮೆಕ್ಯಾನಿಕಲ್ ಪಂಪು, ಇನ್ನೊಂದಕ್ಕೆ ಇಸಿಎಂ, ಸೆನ್ಸರ್, ಬೇರೆ ವೈರಿಂಗ್. ಮೂರು ಸಿಲಿಂಡರಿನ 1478 ಸಿಸಿ ದೋಸ್ತ್‌ಗೂ ಬಿಎಸ್ ತಲೆಮಾರು ನೋಡದೆ ಇಂಜಿನ್ ತರುವಂತಿಲ್ಲ. ದೇಶಾದ್ಯಂತ ಬಿಎಸ್-4 ಬಂದಿದ್ದು 2017ರ ಏಪ್ರಿಲ್ 1ರಿಂದ, ಬಿಎಸ್-6 ಬಂದಿದ್ದು 2020ರ ಏಪ್ರಿಲ್ 1ರಿಂದ. ಗುಜರಿಯಲ್ಲಿ ಇಂಜಿನ್ ಕೇಳುವಾಗ ಮಾಡೆಲ್ ಹೆಸರಿಗಿಂತ ಮೊದಲು ಆರ್‌ಸಿ ತೋರಿಸಿ ಬಿಎಸ್ ತಲೆಮಾರು, ತಯಾರಾದ ತಿಂಗಳು-ವರ್ಷ ಹೇಳುವುದು ಕ್ಷೇಮ. ಬಿಎಸ್-6 ಗಾಡಿಗೆ ಸೆಕೆಂಡ್ ಹ್ಯಾಂಡ್ ಇಂಜಿನ್ ಹಾಕಿಸುವ ಯೋಚನೆ ಇದ್ದರೆ ಸ್ಕ್ಯಾನರ್ ಇರುವ, ಆ ಗಾಡಿಯ ಕೆಲಸ ಬಲ್ಲ ಗ್ಯಾರೇಜ್ ಸಿಗುವ ತನಕ ದುಡ್ಡು ಕೊಡಬಾರದು.

ಕಂಪನಿಯೇ ರೀಕಂಡೀಷನ್ ಮಾಡಿ ಕೊಡುವ ಇಂಜಿನ್‌ಗಳೂ ಇವೆ. ಟಾಟಾದವರ ಪ್ರೋಲೈಫ್ ಅಂಥದ್ದು, ಹಳೆಯದನ್ನು ಕೊಟ್ಟು ರೀಕಂಡೀಷನ್ ಆದದ್ದನ್ನು ತೆಗೆದುಕೊಳ್ಳುವ ವ್ಯವಸ್ಥೆ. ಗುಜರಿ ಇಂಜಿನ್‌ಗಿಂತ ದರ ಹೆಚ್ಚು, ಆದರೆ ಬಿಲ್ ಮತ್ತು ವಾರಂಟಿ ಇರುತ್ತದೆ. ಗಾಡಿ ಇನ್ನೂ ಐದಾರು ವರ್ಷ ಓಡಬೇಕು ಅನ್ನುವವರು ಗುಜರಿಗೆ ಹೋಗುವ ಮೊದಲು ಡೀಲರ್ ಹತ್ತಿರ ತಮ್ಮ ಮಾಡೆಲ್‌ಗೆ ಇದು ಸಿಗುತ್ತದೆಯೇ ಎಂದು ಒಮ್ಮೆ ಕೇಳುವುದರಲ್ಲಿ ನಷ್ಟವಿಲ್ಲ.

ಗುಜರಿಯಲ್ಲಿ ನೋಡಬೇಕಾದ್ದು

ಬೆಂಗಳೂರಿನ ಶಿವಾಜಿನಗರದ ಗುಜರಿ ಹಳೇ ಭಾಗಗಳಿಗೆ, ಜೆ.ಸಿ. ರಸ್ತೆ ಹೊಸ ಭಾಗಗಳಿಗೆ ಹೆಸರಾದ ಜಾಗಗಳು. ಅಲ್ಲಿಗೆ ಒಬ್ಬರೇ ಹೋಗುವುದಕ್ಕಿಂತ ಗಾಡಿ ಬಿಚ್ಚಿದ ಮೆಕ್ಯಾನಿಕ್‌ನನ್ನೇ ಒಂದು ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋದರೆ ಅದು ಖರ್ಚಲ್ಲ, ಉಳಿತಾಯ. ಆದರೆ ದರದ ಮಾತು ಮಾಲೀಕರೇ ಆಡಬೇಕು. ಕಮಿಷನ್ ಎಲ್ಲ ಕಡೆಯೂ ಇರುತ್ತದೆ.

ಇಂಜಿನ್ ಇನ್ನೂ ಗಾಡಿಯಲ್ಲೇ ಇದ್ದು ಸ್ಟಾರ್ಟ್ ಮಾಡಿ ತೋರಿಸುವಂತಿದ್ದರೆ ಅದೇ ಉತ್ತಮ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನ ಪಡುವುದು ಸರಿ. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಬಂದರೆ ಬ್ಯಾಕ್ ಕಂಪ್ರೆಷನ್ ಇದೆ, ರಿಂಗ್ ಮುಗಿದಿದೆ. ರೇಡಿಯೇಟರ್ ಮುಚ್ಚಳವನ್ನೂ ತಣ್ಣಗಿರುವಾಗಲೇ ತೆಗೆದಿಟ್ಟು ಸ್ಟಾರ್ಟ್ ಮಾಡಿಸಿ, ನೀರಿನಲ್ಲಿ ಗುಳ್ಳೆ ಬಿಡದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆಯಿಂದ ಗಾಳಿ ಬರುತ್ತಿದೆ. ಬಿಸಿಯಾದ ಮೇಲೆ ಆ ಮುಚ್ಚಳಕ್ಕೆ ಕೈ ಹಾಕಬಾರದು, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಇಳಿಸಿಟ್ಟ ಇಂಜಿನ್ ಆದರೆ ಸ್ಪ್ಯಾನರ್ ಹಾಕಿ ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು, ಎಲ್ಲೂ ಹಿಡಿಯಬಾರದು. ಪುಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿದಾಗ ಕಣ್ಣಿಗೆ ಕಾಣುವಷ್ಟು ಪ್ಲೇ ಇದ್ದರೆ ಬಿಟ್ಟುಬಿಡಿ. ಆಯಿಲ್ ಚೇಂಬರ್ ತೆಗೆಸಿ ತಳದಲ್ಲಿ ಹೊಳೆಯುವ ಲೋಹದ ಪುಡಿ ಇದೆಯೇ ನೋಡಿ. ಕಂಪ್ರೆಷನ್ ಗೇಜ್ ಇದ್ದರೆ ಎಲ್ಲ ಸಿಲಿಂಡರ್ ಅಳೆಸಿ. ಒಂದಕ್ಕೂ ಇನ್ನೊಂದಕ್ಕೂ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಚೌಕಾಸಿ ಮುಂದುವರಿಸುವುದರಲ್ಲಿ ಅರ್ಥವಿಲ್ಲ. "ಚೆನ್ನಾಗಿದೆ ಸಾರ್, ನಿನ್ನೆ ತನಕ ಓಡ್ತಿತ್ತು" ಅನ್ನುವ ಮಾತಿಗೆ ಬೆಲೆ ಕಟ್ಟುವುದಾದರೆ, ಸ್ಟಾರ್ಟ್ ಆಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಬಿಲ್ ಮೇಲೆ ಬರೆಸಿಕೊಳ್ಳಬೇಕು. ಬರೆದುಕೊಡಲು ಹಿಂದೇಟು ಹಾಕುವವರ ಇಂಜಿನ್ ಬೇಡ.

ಎಲ್ಲಕ್ಕಿಂತ ಮುಖ್ಯ ನಂಬರ್. ಬ್ಲಾಕ್ ಮೇಲಿನ ನಂಬರನ್ನು ಒರೆಸಿ ಓದಿ, ಅದು ಬಂದ ಗಾಡಿಯ ಆರ್‌ಸಿ ಪ್ರತಿ ಕೇಳಿ ಹೋಲಿಸಿ ನೋಡಬೇಕು. ನಂಬರ್ ಜಾಗ ಉಜ್ಜಿ ನುಣ್ಣಗಾಗಿದ್ದರೆ, ಅಕ್ಷರಗಳು ಸಾಲಾಗಿ ಇಲ್ಲದಿದ್ದರೆ ಅದು ಕಳವಿನ ಮಾಲಾಗಿರಬಹುದು. ಕೊಂಡವರೇ ಪೊಲೀಸ್ ಠಾಣೆ ಸುತ್ತಬೇಕಾಗುತ್ತದೆ. "ಅದರ ನಂಬರ್ ಉಜ್ಜಿ ನಿಮ್ಮ ಹಳೇ ನಂಬರ್ ಪಂಚ್ ಮಾಡಿಸಿಬಿಡೋಣ, ಆರ್‌ಟಿಒ ಗೋಜೇ ಇಲ್ಲ" ಎನ್ನುವ ಸಲಹೆ ಬರುವುದುಂಟು. ಅದು ಅಪರಾಧ. ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್ ಸರ್ವೇಯರ್ ಬಂದು ನೋಡಿದಾಗ ಕ್ಲೇಮ್ ಸಿಗುವುದಿಲ್ಲ, ಕೇಸು ಮಾತ್ರ ಉಳಿಯುತ್ತದೆ.

ಎಲ್ಲಿ ಉಳಿಸಬಹುದು, ಎಲ್ಲಿ ಬಾರದು

ಹಳೇ ಇಂಜಿನ್‌ನಿಂದ ಬಿಚ್ಚಿ ಹಾಕಿಕೊಳ್ಳಬಹುದಾದದ್ದು ಬಹಳ ಇದೆ. ಡೈನಮೊ, ಸೆಲ್ಫ್ ಮೋಟರ್, ಮ್ಯಾನಿಫೋಲ್ಡ್, ಬ್ರಾಕೆಟ್‌ಗಳು ಸುಸ್ಥಿತಿಯಲ್ಲಿದ್ದರೆ ಸಾಕು. ಗುಜರಿಯವರು ಇವೆಲ್ಲ ಸೇರಿಸಿ ದರ ಹೇಳುತ್ತಾರೆ. ನಮ್ಮಲ್ಲಿ ಇವೆ, ಬರೀ ಇಂಜಿನ್ ಕೊಡಿ ಎಂದರೆ ದರ ಇಳಿಯುತ್ತದೆ. ಫ್ಲೈವೀಲ್‌ಗೆ ಲೇತ್‌ನಲ್ಲಿ ಮುಖ ತೆಗೆಸಿದರೆ ಆಯಿತು. ನಾಝಲ್, ಪಂಪುಗಳನ್ನು ಡೀಸೆಲ್ ಪಂಪ್ ಸರ್ವಿಸ್ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ, ಎರಡೂ ಇಂಜಿನ್‌ಗಳದರಲ್ಲಿ ಒಳ್ಳೆಯವನ್ನು ಆರಿಸಿಕೊಳ್ಳಬಹುದು. ಕಾಮನ್ ರೇಲ್ ಇಂಜಿನ್‌ನಲ್ಲಿ ಇಂಜೆಕ್ಟರ್ ಬದಲಿಸಿದರೆ ಅದರ ಮೇಲಿನ ಕೋಡ್ ಅನ್ನು ಸ್ಕ್ಯಾನರ್‌ನಿಂದ ಇಸಿಎಂಗೆ ತುಂಬಬೇಕಾಗುವುದುಂಟು, ಅದನ್ನು ಮೊದಲೇ ಕೇಳಿಕೊಳ್ಳಬೇಕು. ರೇಡಿಯೇಟರ್ ತಾಮ್ರದ್ದಾದರೆ ಬಿಚ್ಚಿ ರಾಡ್ ಹೊಡೆಸಿ ಸ್ವಚ್ಛ ಮಾಡಿಸಬಹುದು. ಪ್ಲಾಸ್ಟಿಕ್ ಟ್ಯಾಂಕ್ ಇರುವ ಅಲ್ಯುಮಿನಿಯಂ ರೇಡಿಯೇಟರ್ ಕಟ್ಟಿಕೊಂಡಿದ್ದರೆ ಬದಲಿಸುವುದೇ ವಾಸಿ.

ಜಿಪುಣತನ ಮಾಡಬಾರದ ಜಾಗ ಬೇರೆ. ಇಂಜಿನ್ ಹೊರಗಿರುವಾಗ ಕೈಗೆ ಸುಲಭವಾಗಿ ಸಿಗುವ, ಕೂರಿಸಿದ ಮೇಲೆ ಮತ್ತೆ ಇಂಜಿನ್ ಅಥವಾ ಗೇರ್ ಬಾಕ್ಸ್ ಇಳಿಸಿದರೆ ಮಾತ್ರ ಸಿಗುವ ಭಾಗಗಳನ್ನು ಹೊಸದೇ ಹಾಕಬೇಕು. ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲ್ ಇದಕ್ಕೆ ಒಳ್ಳೆಯ ಉದಾಹರಣೆ. ಸೀಲ್‌ನ ಬೆಲೆ ಸಣ್ಣದು, ಅದು ಸೋರಿದರೆ ಬದಲಿಸಲು ಗೇರ್ ಬಾಕ್ಸ್ ಇಳಿಸುವ ಕೂಲಿ ದೊಡ್ಡದು. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸುವುದೂ ಇದೇ ಲೆಕ್ಕಕ್ಕೆ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್‌ಗಳಲ್ಲಿ, ಏಸ್ ಡೀಸೆಲ್ ಅಂಥದ್ದು, ಬೆಲ್ಟ್ ಜೊತೆಗೆ ಟೆನ್ಷನರ್ ಬೇರಿಂಗ್ ಕೂಡ ಹೊಸದಾಗಬೇಕು. ಓಡುವಾಗ ಬೆಲ್ಟ್ ತುಂಡಾದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಹಾಕಿದ ದುಡ್ಡೆಲ್ಲ ಒಂದೇ ಕ್ಷಣದಲ್ಲಿ ಹೋಗುತ್ತದೆ. ವಾಟರ್ ಪಂಪ್, ಥರ್ಮೋಸ್ಟಾಟ್, ನೀರಿನ ಹೋಸ್‌ಗಳು, ಗ್ಯಾಸ್ಕೆಟ್ ಸೆಟ್, ಫಿಲ್ಟರ್‌ಗಳು ಎಲ್ಲ ಹೊಸದು. ಥರ್ಮೋಸ್ಟಾಟ್ ತೆಗೆದು ಬಿಸಾಕಿ ಓಡಿಸುವ ಅಭ್ಯಾಸ ನಮ್ಮಲ್ಲಿ ಇದೆ, ಅದರಿಂದ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೋರ್ ಬೇಗ ಸವೆಯುತ್ತದೆ.

ಟರ್ಬೊ ಒಡೆದು ಇಂಜಿನ್ ಹೋಗಿದ್ದರೆ ಇಂಟರ್‌ಕೂಲರ್ ಮತ್ತು ಅದರ ಪೈಪ್‌ಗಳಲ್ಲಿ ಆಯಿಲ್, ಲೋಹದ ಚೂರು ಉಳಿದಿರುತ್ತದೆ. ತೊಳೆಯದೆ ಜೋಡಿಸಿದರೆ ಹೊಸ ಇಂಜಿನ್ ಅದನ್ನು ನುಂಗುತ್ತದೆ.

ಬ್ರ್ಯಾಂಡ್ ಬಗ್ಗೆ ಒಂದು ಮಾತು. ಷೋರೂಮ್ ಡಬ್ಬಿಯಲ್ಲಿ ಬರುವ ಭಾಗ ಎಷ್ಟೋ ಸಲ ಬೇರೆ ತಯಾರಕರದೇ. ಕ್ಲಚ್‌ಗೆ ಲುಕ್, ವ್ಯಾಲಿಯೊ, ಡೀಸೆಲ್ ಪಂಪ್, ಫಿಲ್ಟರ್‌ಗೆ ಬಾಷ್, ಸೆಲ್ಫ್, ಡೈನಮೊಗೆ ಲೂಕಾಸ್ ಟಿವಿಎಸ್, ಗ್ಯಾಸ್ಕೆಟ್‌ಗೆ ಟಾಲ್‌ಬ್ರೋಸ್ ಇಂಥವು. ಹಳೇ ಭಾಗದ ಮೇಲೆ ಯಾರ ಹೆಸರಿದೆ ನೋಡಿ ಅದನ್ನೇ ಅಂಗಡಿಯಲ್ಲಿ ಅವರ ಸ್ವಂತ ಡಬ್ಬಿಯಲ್ಲಿ ಕೇಳಿದರೆ ಬಹುತೇಕ ಕಡಿಮೆ ದರಕ್ಕೆ ಸಿಗುತ್ತದೆ. ಆದರೆ ಹೆಸರು ಜಾಸ್ತಿ ಇರುವ ಬ್ರ್ಯಾಂಡ್‌ಗೇ ಡೂಪ್ಲಿಕೇಟ್ ಜಾಸ್ತಿ. ಎಂಆರ್‌ಪಿ, ತಯಾರಿಕೆ ತಿಂಗಳು, ಪಾರ್ಟ್ ನಂಬರ್ ಅಚ್ಚು ಸ್ಪಷ್ಟವಾಗಿದೆಯೇ ನೋಡಬೇಕು, ಹಳೇ ಭಾಗವನ್ನು ಕೈಯಲ್ಲಿ ಹಿಡಿದು ತೂಕ ಹೋಲಿಸಬೇಕು. ಪಕ್ಕಾ ಬಿಲ್ ಇಲ್ಲದೆ ಅರ್ಧ ದರಕ್ಕೆ ಬರುವ ಪಿಸ್ಟನ್, ಬೇರಿಂಗ್ ಬೇಡ.

ಪಕ್ಕಾ ಬಿಲ್‌ನಿಂದ ಅಂಗಡಿಯವರಿಗೆ ಇನ್ನೊಂದು ಲಾಭ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ 18ಕ್ಕೆ ಬಂದಿದೆ, ಅದಕ್ಕೆ ಮೊದಲು ಬಹುತೇಕ ಭಾಗಗಳಿಗೆ ಶೇ 28 ಇತ್ತು. ತೆರಿಗೆ ಬಿಟ್ಟು 10,000 ರೂಪಾಯಿಯ ಭಾಗ ಆಗ 12,800 ಆಗುತ್ತಿತ್ತು, ಈಗ 11,800. ಹಳೇ ಎಂಆರ್‌ಪಿ ಡಬ್ಬಿ ತೋರಿಸಿ ಅದೇ ದರ ಕೇಳಿದರೆ ಪ್ರಶ್ನಿಸಬಹುದು. ಸಾಮಾನ್ಯ ಜಿಎಸ್‌ಟಿ ನೋಂದಣಿ ಇದ್ದು, ತೆರಿಗೆ ಬೀಳುವ ಸರಕಿನ ವ್ಯಾಪಾರಕ್ಕೆ ಗೂಡ್ಸ್ ಗಾಡಿ ಬಳಸುವವರು ಈ ತೆರಿಗೆಯನ್ನು ಇನ್‌ಪುಟ್ ಆಗಿ ಹಿಂಪಡೆಯಲೂ ಬರುತ್ತದೆ. ಕಾಂಪೋಸಿಷನ್‌ನಲ್ಲಿ ಇರುವವರಿಗೆ ಬರುವುದಿಲ್ಲ.

ಆರ್‌ಟಿಒ ಕೆಲಸ

ಬ್ಲಾಕ್ ಬದಲಾಗುವುದಾದರೆ ಮೊದಲು ಅರ್ಜಿ, ಆಮೇಲೆ ಇಂಜಿನ್. ಮಂಡಿಕಲ್ ಕಡೆಯವರಿಗೆ ಚಿಕ್ಕಬಳ್ಳಾಪುರ (ಕೆಎ-40), ಚಿಂತಾಮಣಿ ಕಡೆಯವರಿಗೆ ಚಿಂತಾಮಣಿ (ಕೆಎ-67) ಕಚೇರಿ. ಇಂಜಿನ್ ಕೊಂಡ ಬಿಲ್, ಅದು ಬಂದ ಗಾಡಿಯ ದಾಖಲೆ, ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ ಜೊತೆಗಿರಬೇಕು. ಸಾಲ ಬಾಕಿ ಇದ್ದರೆ ಫೈನಾನ್ಸ್‌ನವರ ಲಿಖಿತ ಒಪ್ಪಿಗೆ ಮೊದಲೇ ಪಡೆಯಬೇಕು. ಹತ್ತು ಅಥವಾ ಹೆಚ್ಚು ಸಾರಿಗೆ ವಾಹನ ಇರುವವರಿಗೆ ಅದೇ ಮೇಕ್, ಅದೇ ಟೈಪ್ ಇಂಜಿನ್ ಅನ್ನು ಮುಂಚಿತ ಅನುಮತಿ ಇಲ್ಲದೆ ಬದಲಿಸಲು ರಾಜ್ಯ ಸರ್ಕಾರ ಅವಕಾಶ ಕೊಡಬಹುದು ಎಂದು ಕಾಯ್ದೆ ಹೇಳುತ್ತದೆ. ಹಾಗೆ ಬದಲಿಸಿದರೂ 14 ದಿನದೊಳಗೆ ತಿಳಿಸಿ ಆರ್‌ಸಿಯಲ್ಲಿ ಸೇರಿಸಲೇಬೇಕು. ಒಂದೆರಡು ಗಾಡಿ ಇಟ್ಟುಕೊಂಡವರಿಗೆ ಆ ರಿಯಾಯಿತಿ ಅನ್ವಯಿಸದು.

ಗಾಡಿಗೆ 15 ವರ್ಷ ತುಂಬುತ್ತಾ ಬಂದಿದ್ದರೆ ಎಫ್‌ಸಿ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ವಯಸ್ಸು ದಾಟಿದ ಸಾರಿಗೆ ವಾಹನಗಳಿಗೆ ಅದು ಬಹಳ ಹೆಚ್ಚಾಗಿದೆ. ಅಂಥ ಗಾಡಿಗೆ ಇಂಜಿನ್ ಹಾಕಿಸುವುದಕ್ಕಿಂತ ಇದ್ದ ಸ್ಥಿತಿಯಲ್ಲಿ ಕೊಟ್ಟು ಕೈತೊಳೆದುಕೊಳ್ಳುವುದು ಎಷ್ಟೋ ಸಲ ಲಾಭ.

ಆರ್‌ಸಿಯಲ್ಲಿ ಹೊಸ ನಂಬರ್ ಬಂದ ಮೇಲೆ ಅದನ್ನು ಇನ್ಶೂರೆನ್ಸ್ ಪಾಲಿಸಿಯಲ್ಲೂ ಸೇರಿಸಿ ಪತ್ರ ಪಡೆಯಬೇಕು. ಅಲ್ಲಿಯವರೆಗೆ ಒಡೆದ ಹಳೇ ಬ್ಲಾಕನ್ನು ಗುಜರಿಗೆ ಹಾಕದೆ ಶೆಡ್ಡಿನಲ್ಲೇ ಇಟ್ಟುಕೊಂಡಿರಬೇಕು, ಇನ್‌ಸ್ಪೆಕ್ಟರ್ ಹಳೇ ನಂಬರ್ ತೋರಿಸಿ ಎಂದರೆ ತೋರಿಸಲು ಬೇರೆ ದಾರಿ ಇರುವುದಿಲ್ಲ. ಗಾಡಿ ರಸ್ತೆಗಿಳಿದ ಮೇಲೆ ಮೊದಲ ಸಾವಿರ ಕಿ.ಮೀ. ಅರ್ಧ ಲೋಡಿನಲ್ಲೇ ಓಡಿಸಿ, ಅದರೊಳಗೇ ಒಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ಹಾಕಿ. ಬ್ಯಾಟರಿಗೆ ಹಾಕುವ ಆ ನೀರು ಹಳ್ಳಿ ಅಂಗಡಿಯಲ್ಲೂ ಕ್ಯಾನ್ ಲೆಕ್ಕದಲ್ಲಿ ಸಿಗುತ್ತದೆ.